ಪ್ರೊಫೆಸರ ತೋಳು, ಅಕ್ಕನ ಪ್ರಶ್ನೆ

ಚಿತ್ರದುರ್ಗದ ನಮ್ಮ ನರ್ಸಿಂಗ್ ಕಾಲೇಜಿನ ಮೀಟಿಂಗ್ ರೂಮಿನಲ್ಲಿ ಅವತ್ತು ನಾಲ್ಕೇ ಜನ: ಪ್ರಿನ್ಸಿಪಾಲರು, ಹೊರಗಿನಿಂದ ಬಂದ ಪ್ರೊಫೆಸರು, ಎಲ್ಲ ಬರೆದುಕೊಳ್ಳಲು ನಾನು, ಮತ್ತು ಶ್ರೀರಾಂಪುರದ ಆಸ್ಪತ್ರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಹಿರಿಯ ನರ್ಸ್ ಅಕ್ಕ. ಕೆಲಸದಲ್ಲಿರುವ ನರ್ಸ್‌ಗಳಿಗೆಂದೇ ಡಾಕ್ಟರೇಟ್ ಕೋರ್ಸ್ ರೂಪಿಸುವ ಸಭೆ ಅದು. ಅಂಥವರು ಒಬ್ಬರಾದರೂ ಇರಲಿ ಎಂದು ಅಕ್ಕನನ್ನು ಕರೆದಿದ್ದೆವು. ಎಮ್ಮೆಸ್ಸಿ ಮುಗಿಸಿ ಕಾದಿದ್ದ ಅಕ್ಕನಿಗೆ ಆ ಕೋರ್ಸಿಗೆ ತಾನೇ ಸೇರುವ ಆಸೆ.

ಪ್ರೊಫೆಸರು ಒಂದು ಷರತ್ತಿಗೆ ಅಂಟಿ ಕೂತರು: ಮೂರು ವರ್ಷ ಕಾಲೇಜಿನಲ್ಲೇ ಇದ್ದು ಓದಬೇಕು. "ಇಂಜೆಕ್ಷನ್ ಹಾಕ್ತಾ ಹಾಕ್ತಾ ಸಂಶೋಧನೆ ಆಗಲ್ಲಮ್ಮ."

"ಮೂರು ವರ್ಷ ರಜ ಯಾರು ಕೊಡ್ತಾರೆ ಸಾರ್?" ಎಂದರು ಅಕ್ಕ. " ಕೆಲಸದಾಗಿರೋರ ಕೋರ್ಸಿಗೆ ಕೆಲಸ ಬಿಟ್ಟು ಬರ್ರಿ ಅಂತೀರಲ್ಲ!"

ಪ್ರೊಫೆಸರು ಫೈಲು ಎಳೆದರು. ಅದರ ತುಕ್ಕು ಹಿಡಿದ ಕ್ಲಿಪ್ಪು ಬೆರಳು ಕೊಯ್ಯಿತು. ಪಕ್ಕದ ಕಟ್ಟಡದ ಡಾಕ್ಟರು ಬಂದು ನೋಡಿ ಟಿಟಿ ಇಂಜೆಕ್ಷನ್ ಬರೆದರು. ಪ್ರೊಫೆಸರ ಮುಖ ಸುಣ್ಣ ಬಳಿದಂತಾಯಿತು. ಊಟ ಆಗಲಿ ಎಂದರು. ಊರಲ್ಲಿ ಹಾಕಿಸಿಕೊಳ್ಳುತ್ತೇನೆ ಎಂದರು.

ಅಕ್ಕ ಆಗಲೇ ಸಿರಿಂಜು ಹಿಡಿದಿದ್ದರು. "ಕುಂತ್ಕಳ್ರಿ ಸಾರ್. ಅಂದಂಗೆ, ನಿಮ್ಮ ಪಿಎಚ್‌ಡಿಗೆ ಎಷ್ಟು ವರ್ಷ ಹಿಡೀತು?"

"ಅದ್ಯಾಕೆ ಕೇಳ್ತೀರಿ! ನನ್ನ ಗೈಡು ಮೂರನೇ ಅಧ್ಯಾಯಾನ ಏಳು ಸಲ ತಿದ್ದಿಸಿದ. ಒಂದ್ಸಲ ಮಗಳ ಮದುವೆ ಅಂದ, ಒಂದ್ಸಲ ಮನೆ ಕಟ್ಟಿಸ್ತಿದೀನಿ ಅಂದ..." ಬೈದು ಬೈದು ಸುಸ್ತಾಗಿ ಕಣ್ಣು ಮುಚ್ಚಿದರು. "ಸರಿ, ಚುಚ್ಚಿಬಿಡಿ."

"ಆಗ್ಲೇ ಮುಗೀತು. ಹತ್ತಿ ಒತ್ತಿ ಹಿಡ್ಕಳ್ರಿ."

ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡಿದರು. ನನಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಇದು ಹೇಗೆ?" ಎಂದರು ಪ್ರೊಫೆಸರು.

ಅಕ್ಕ ಬ್ಯಾಗಿನಿಂದ ಹಳೆಯ ನೋಟ್‌ಬುಕ್ ತೆಗೆದರು. "ಕುರಿ ಕಾಯೋರ್ನ ಕುರಿ ಎಷ್ಟವೆ ಅಂತ ಕೇಳ್ತೀನಿ. ಎಣಿಸಿ ಹೇಳಿದ್ರೆ ದೃಷ್ಟಿ ಆಗ್ತೈತೆ ಅಂತ ಸಿಟ್ಟಾಗ್ತಾರೆ. ಅಷ್ಟೊತ್ತಿಗೆ ಸೂಜಿ ಹೊರಗೆ. ಯಾರಿಗೆ ಏನು ಕೇಳಿದೆ, ನೋವು ಗೊತ್ತಾತೋ ಇಲ್ಲೋ, ಎಲ್ಲಾ ಬರ್ದಿಟ್ಟಿದೀನಿ. ಏನೂ ಕೇಳದೆ ಚುಚ್ಚಿದ್ದೂ ಐತೆ, ಹೋಲಿಸಾಕೆ ಬೇಕಲ್ಲ."

ಪ್ರೊಫೆಸರು ತೋಳಿಗೆ ಹತ್ತಿ ಒತ್ತಿಕೊಂಡೇ ಪುಟ ತಿರುವಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ನನ್ನ ಕರಡು ಎಳೆದುಕೊಂಡು, 'ಕಾಲೇಜಿನಲ್ಲೇ ಇದ್ದು' ಎಂಬುದನ್ನು ಹೊಡೆದುಹಾಕಿ 'ಕೆಲಸದ ಜಾಗದಲ್ಲೇ' ಎಂದು ಬರೆದರು.

ಮೊದಲ ತಂಡದಲ್ಲೇ ಅಕ್ಕ ಸೇರಿದರು. ಗೈಡು ಅದೇ ಪ್ರೊಫೆಸರು. ಹೋದ ತಿಂಗಳು ಅಕ್ಕ ಮೂರನೇ ಅಧ್ಯಾಯ ತಂದುಕೊಟ್ಟರು. ಪ್ರೊಫೆಸರು ಓದಿ, ಒಂದೇ ಸಲಕ್ಕೆ ಸಹಿ ಹಾಕಿ, ಅಕ್ಕನನ್ನು ಸಂಜೆ ಬಸ್ಸಿಗೆ ಕಳಿಸಿದರು.