ಕಪ್ಪು ಪರದೆಗೆ ಕಲಿಸಿದ ಕನ್ನಡ

ವೆಬ್‌ಸೈಟ್ ಕಟ್ಟುವುದು ನನ್ನ ಹೊಟ್ಟೆಪಾಡು. ದಿನದ ಬಹುಪಾಲು ಕಪ್ಪು ಪರದೆಯ ಮುಂದೆ ಕೂತು, ಮೌಸ್ ಮುಟ್ಟದೆ, ಕಂಪ್ಯೂಟರಿಗೆ ಒಂದೊಂದೇ ಆಜ್ಞೆ ಟೈಪ್ ಮಾಡುತ್ತಿರುತ್ತೇನೆ. ಇಲ್ಲಿರುವ ಫೈಲುಗಳನ್ನು ತೋರಿಸು ಎನ್ನಬೇಕಾದರೆ ‘ಎಲ್‌ಎಸ್’ ಎಂದು ಹೊಡೆಯಬೇಕು. ಬೇರೆ ಫೋಲ್ಡರಿಗೆ ಹೋಗು ಎನ್ನಲು ‘ಸಿಡಿ’. ಈ ಹೆಸರು ಇಟ್ಟವರು ಎರಡಕ್ಷರದ ಮೇಲೆ ಖರ್ಚು ಮಾಡಲೊಲ್ಲದ ಜಿಪುಣರು ಎಂದು ನನಗೆ ಮೊದಲಿನಿಂದಲೂ ಸಿಟ್ಟು. ಪುಣ್ಯಕ್ಕೆ ಯಾವ ಆಜ್ಞೆಗೆ ಬೇಕಾದರೂ ನಮ್ಮಿಷ್ಟದ ಅಡ್ಡಹೆಸರು ಇಡಬಹುದು. ಕೆಲಸ ಕಲಿಯುತ್ತ ನಾನು ಗುರುತು ಹಾಕಿಕೊಂಡ ಮೊದಲ ಉಪಾಯವೇ ಅದು. ಎರಡನೆಯದು ಅದರ ಬೆನ್ನಿಗೇ ಇದೆ. ಅಡ್ಡಹೆಸರಿನಿಂದ ಪೇಚಿಗೆ ಸಿಕ್ಕಿದರೆ, ಆಜ್ಞೆಯ ಮುಂದೆ ಹಿಂದಕ್ಕೆ ವಾಲಿದ ಒಂದು ಗೆರೆ ಹಾಕಬೇಕು. ಕಂಪ್ಯೂಟರ್ ಅಡ್ಡಹೆಸರನ್ನು ಮರೆತು ಅಸಲಿ ಕೆಲಸ ಮಾಡುತ್ತದೆ.

ನಮ್ಮ ಮನೆ ಕೋಲ್ಕತ್ತಾದ ಗರಿಯಾಹಾಟ್ ಹತ್ತಿರ. ಹೆಂಡತಿ ಬಂಗಾಳಿ, ಮಗಳು ಏಳನೇ ಕ್ಲಾಸು. ಅವಳಿಗೆ ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು, ಆಟೋದವನ ಜೊತೆ ಜಗಳಕ್ಕೆ ಹಿಂದಿ. ಕನ್ನಡ ಕಿವಿಗೆ ಇಳಿಯುತ್ತದೆ, ಬಾಯಿಂದ ಹೊರಡುವುದಿಲ್ಲ. ಧಾರವಾಡದಲ್ಲಿ ಅಣ್ಣನ ಮನೆಯಲ್ಲಿರುವ ನಮ್ಮವ್ವನಿಗೋ ಕನ್ನಡ ಬಿಟ್ಟು ಬೇರೇನೂ ಬಾರದು. ಹೋದ ಸಲ ಬಂದಾಗ ಅಜ್ಜಿ, ಮೊಮ್ಮಗಳು ಸೋಫಾದ ಎರಡು ತುದಿಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿ ನಕ್ಕು ನಕ್ಕೇ ಸುಸ್ತಾದರು. ಊರಿಗೆ ಹೊರಡುವಾಗ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು.

“ನಿನ್ನ ಮಗಳ ಕೂಡ ಮಾತಾಡಾಕ ನಡುವ ನೀ ಬೇಕಂದ್ರ ನಾ ಯಾಕ ಇಷ್ಟು ದೂರ ಬರ್ಲಿ? ಮುಂದಿನ ದಸರಾಕ್ಕ ಒಮ್ಮೆ ಬಂದು ನೋಡ್ತೀನಿ. ಆಗೂ ಹಿಂಗ ಇದ್ರ, ಫೋನಿನಾಗ ಮಾರಿ ನೋಡ್ಕೊಂಡ್ರ ಸಾಕು.”

ಅವ್ವ ಆಡಿದ್ದನ್ನು ಮಾಡದೆ ಬಿಟ್ಟವಳಲ್ಲ. ನನಗೆ ನಿಜವಾಗಿಯೂ ಭಯವಾಯಿತು.

ಆ ದಸರಾ ಹತ್ತಿರ ಬರುವ ಹೊತ್ತಿಗೆ ಮಗಳಿಗೆ ತಾನೂ ವೆಬ್‌ಸೈಟ್ ಮಾಡುವ ಹುಚ್ಚು ಹತ್ತಿತು. ನಾವು ಪಾನಿಪುರಿ ಎನ್ನುವುದನ್ನು ಇಲ್ಲಿ ಫುಚ್ಕಾ ಎನ್ನುತ್ತಾರೆ. ನಮ್ಮ ಓಣಿಯ ಸುತ್ತಲಿನ ಫುಚ್ಕಾ ಗಾಡಿಗಳಿಗೆಲ್ಲ ಅಂಕ ಕೊಟ್ಟು, ದಸರೆಯ ದುರ್ಗಾಪೂಜೆಗೆ ಮೊದಲೇ ಜಗತ್ತಿಗೆ ಸಾರಬೇಕಂತೆ. ಕಲಿಸಿಕೊಡು ಬಾಬಾ ಎಂದು ಅಪ್ಪನಾದ ನನಗೆ ಗಂಟುಬಿದ್ದಳು. ನನ್ನ ತಲೆಯೊಳಗಿನ ಕಿಡಿಗೇಡಿ ಎದ್ದು ಕೂತ. ಹಳೆಯ ಲ್ಯಾಪ್‌ಟಾಪ್ ಹೊರತೆಗೆದು, ಕೊಡುವ ಮೊದಲು ಅದರ ಆಜ್ಞೆಗಳಿಗೆಲ್ಲ ಕನ್ನಡದ ಅಡ್ಡಹೆಸರು ಇಟ್ಟೆ. ತೋರಿಸಲು ‘ನೋಡು’, ಹೋಗಲು ‘ಹೋಗು’, ಹುಡುಕಲು ‘ಹುಡುಕು’, ಅಳಿಸಲು ‘ಅಳಿಸು’. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಅಷ್ಟೇ.

“ಜಗತ್ತಿನ ಎಲ್ಲ ಕಂಪ್ಯೂಟರುಗಳ ಒಳಮಾತು ಕನ್ನಡವೇ. ಹೊರಗೆ ಯಾರಿಗೂ ಹೇಳಲ್ಲ, ಅಷ್ಟೇ,” ಎಂದೆ, ಮುಖ ಬಿಗಿದುಕೊಂಡು.

ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಅಪ್ಪ ಹೇಳಿದ ಮೇಲೆ ಅನುಮಾನವೆಲ್ಲಿಯದು? ಹುಡುಗಿ ನಂಬಿದಳು. ಬಾಯಿಗೆ ಬಾರದ್ದು ಬೆರಳಿಗಾದರೂ ಬರಲಿ, ಬೆರಳಿನಿಂದ ಬಾಯೇನು ದೂರ ಎಂಬುದು ನನ್ನ ಲೆಕ್ಕಾಚಾರ. ಅವಳು ಹಲ್ಲುಜ್ಜುವಾಗಲೂ ನೋಡು, ಹೋಗು, ಹುಡುಕು ಎಂದು ಗುನುಗುತ್ತಿದ್ದಳು. ಹೆಂಡತಿ ಎಲ್ಲ ಕೇಳಿಸಿಕೊಂಡು “ತುಮಿ ಖೂಬ್ ಬಾಜೆ ಲೋಕ್” ಅಂದಳು, ನೀನು ಭಾರೀ ಕೆಟ್ಟ ಮನುಷ್ಯ ಎಂದು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಅವ್ವ ಬರುವ ವಾರವೇ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಡಂ ಇದೇ ಕಪ್ಪು ಪರದೆಯ ಪಾಠ ಎತ್ತಿಕೊಂಡರು. ಯಾರಿಗಾದರೂ ಗೊತ್ತಾ ಎಂದರೆ ಕೈ ಎತ್ತಿದವಳು ನನ್ನ ಮಗಳೊಬ್ಬಳೇ. ಇಡೀ ಕ್ಲಾಸಿನ ಮುಂದೆ ಹೋಗಿ ‘ನೋಡು’ ಎಂದು ಹೊಡೆದಳು. ಅಂಥ ಆಜ್ಞೆಯೇ ಇಲ್ಲ ಎಂದಿತು ಯಂತ್ರ. ‘ಹುಡುಕು’ ಎಂದಳು. ಅದೂ ಇಲ್ಲ. ಶಾಲೆಯ ಕಂಪ್ಯೂಟರ್ ತೀರಾ ಹಳೆಯದಾಗಿದೆ, ಹೊಸದು ತರಿಸಬೇಕು ಎಂದು ಮೇಡಂಗೇ ಬುದ್ಧಿ ಹೇಳಿದಳಂತೆ. ಆಮೇಲೆ ಕ್ಲಾಸು ನಕ್ಕ ನಗು ಮನೆಯವರೆಗೂ ಅವಳ ಬೆನ್ನು ಹತ್ತಿ ಬಂತು.

ಬ್ಯಾಗು ಬಿಸಾಡಿದಳು. ಇನ್ನು ಮೇಲೆ ಒಂದು ಅಕ್ಷರ ಕನ್ನಡ ಮುಟ್ಟುವುದಿಲ್ಲ ಎಂದು ಮೂರೂ ಭಾಷೆಯಲ್ಲಿ ಕೂಗಿದಳು. ಇದ್ದದ್ದೂ ಹೋಯಿತಲ್ಲ ಎಂದುಕೊಂಡೆ. ಆದರೂ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ತಮಾಷೆಗೆ ಮಾಡಿದ್ದು ಮಾರಾಯ್ತಿ ಎಂದು ನಕ್ಕುಬಿಟ್ಟೆ.

ಅವ್ವ ಬಂದಳು. ಮಗಳು ಕಾಲಿಗೆ ನಮಸ್ಕಾರ ಮಾಡಿ ರೂಮು ಸೇರಿಕೊಂಡಳು.

“ಏನ್ ಮಾಡಿದ್ಯೋ ಹುಡುಗಿಗೆ?”

“ಏನಿಲ್ಲ ಬಿಡವ್ವಾ. ಪರೀಕ್ಷೆ ಐತಿ, ಓದಾಕತ್ತಾಳ.”

ಅವ್ವ ನನ್ನನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದಳು. ಆಮೇಲಿನ ದಿನಗಳಲ್ಲಿ ಇಬ್ಬರೂ ಬಾಲ್ಕನಿಯಲ್ಲಿ ಆ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತದ್ದು ಕಂಡಿತ್ತು. ನಾನು ಹತ್ತಿರ ಹೋದರೆ ಇಬ್ಬರೂ ಗಪ್‌ಚುಪ್. ಪಾಪ, ಮಾತಿಲ್ಲದೆ ಫೋಟೋ ನೋಡುತ್ತಿದ್ದಾರೆ ಎಂದುಕೊಂಡು ನಾನು ಬೇಸರದಲ್ಲೇ ಕೆಲಸಕ್ಕೆ ಕೂರುತ್ತಿದ್ದೆ.

ಪೂಜೆಗೆ ಮುಂಚಿನ ಒಂದು ಬೆಳಿಗ್ಗೆ ಸೀರೆ ಅಂಗಡಿಯವರ ಫೋನ್ ಬಂತು. ನಾನು ಕಟ್ಟಿಕೊಟ್ಟ ಅವರ ವೆಬ್‌ಸೈಟಿನಲ್ಲಿ ಹಬ್ಬದ ರಿಯಾಯಿತಿ ಕಾಣುತ್ತಿಲ್ಲವಂತೆ. ಈಗಲೇ ಸರಿಮಾಡುತ್ತೇನೆ ಎಂದು ನನ್ನ ಕಂಪ್ಯೂಟರ್ ತೆರೆದು ‘ಎಲ್‌ಎಸ್’ ಹೊಡೆದೆ. ಫೈಲುಗಳು ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡ ಸಾಲು ಬಂತು.

‘ಉಡಾಳ, ಮೊದಲ ಹುಡುಗಿಗೆ ತಪ್ಪಾತು ಅನ್ನು.’

‘ಸಿಡಿ’ ಹೊಡೆದೆ. ‘ಎಲ್ಲಿ ಹೊಂಟಿ? ಮೊದಲ ತಪ್ಪಾತು ಅನ್ನು.’

ನನ್ನ ಪಾಸ್‌ವರ್ಡ್ ಮನೆಗೆ ಬರುವ ಬೆಕ್ಕಿಗೂ ಗೊತ್ತು, ಹಾಗಾಗಿ ಯಾರ ಕೆಲಸ ಎಂದು ಕೇಳಬೇಕಿರಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ನಾನು ಅಡಗಿಸಿದ ಗುಟ್ಟು ಬಿಡಿಸಲು ಕೂತ ಮಗಳು ಅಡ್ಡಹೆಸರಿನ ವಿದ್ಯೆಯನ್ನೇ ಕಲಿತುಬಿಟ್ಟಿದ್ದಳು. ಸೇರಿಗೆ ಸವ್ವಾಸೇರು. ಆದರೆ ‘ಉಡಾಳ’? ಆ ಬೈಗುಳ ಈ ಊರಿನಲ್ಲಿ ನನಗೊಬ್ಬನಿಗೇ ಗೊತ್ತು, ನಾನು ಅದನ್ನು ಮನೆಯಲ್ಲಿ ಆಡಿದವನಲ್ಲ. ಚಿಕ್ಕಂದಿನಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗೆಲ್ಲ ಅವ್ವ ಕಿವಿ ಹಿಂಡಿ ಕರೆಯುತ್ತಿದ್ದ ಹೆಸರು ಅದು. ಒಬ್ಬಳು ಹೇಳಿಕೊಟ್ಟಿದ್ದಾಳೆ, ಒಬ್ಬಳು ಬರೆದಿದ್ದಾಳೆ. ಅದಕ್ಕೂ ಮೊದಲು ಇಬ್ಬರೂ ಕೂತು ನನ್ನ ಮಾನ ಹರಾಜು ಹಾಕಿದ್ದಾರೆ, ಅದೂ ನಡುವೆ ನಾನಿಲ್ಲದೆ, ಕನ್ನಡದಲ್ಲಿ. ಖುಷಿಯಿಂದ ಆ ಸಾಲನ್ನು ಮತ್ತೊಮ್ಮೆ ಓದಿದೆ.

ಇತ್ತ ಫೋನಿನಲ್ಲಿ ಅಂಗಡಿಯವರು ದಾದಾ, ದಾದಾ ಎಂದು ಬಡಬಡಿಸುತ್ತಿದ್ದರು. ನಾನು ‘ತಪ್ಪಾತು’ ಎಂದು ಹೊಡೆದೆ.

‘ಕೇಳಸ್ಲಿಲ್ಲ. ಇನ್ನೊಮ್ಮೆ ಅನ್ನು.’

ಇನ್ನೊಮ್ಮೆ ಹೊಡೆದೆ. ಅದೇ ಉತ್ತರ. ಎಷ್ಟು ಸಲ ಹೊಡೆದರೂ ಅದೇ ಬರುತ್ತದೆ ಎಂದು ಕಸುಬಿನವನಾದ ನನಗೆ ಹೊಳೆಯಿತು. ಆ ಅಡ್ಡಹೆಸರಿಗೆ ಕ್ಷಮಿಸುವುದನ್ನು ಯಾರೂ ಕಲಿಸಿರಲಿಲ್ಲ. ವಾಲುಗೆರೆಯ ಉಪಾಯ ನೆನಪಿತ್ತು. ಒಂದು ಗೆರೆ ಹಾಕಿದ್ದರೆ ಅಷ್ಟೂ ಆಟ ಅಲ್ಲೇ ಮುಗಿಯುತ್ತಿತ್ತು. ಬೆರಳು ಆ ಕೀಲಿಯ ಮೇಲೆ ಹೋಗಿ ವಾಪಸು ಬಂತು. ಅಂಗಡಿಯವರಿಗೆ ಸ್ವಲ್ಪ ತಾಳಿ ಎಂದು ಹೇಳಿ ಬಾಲ್ಕನಿಗೆ ಎದ್ದು ಹೋದೆ.

ಅವ್ವ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳ ಪಕ್ಕಕ್ಕೆ ಒತ್ತಿ ಕೂತಿದ್ದ ಮಗಳು ನನ್ನನ್ನೇ ಕಾಯುತ್ತಿದ್ದಳು.

“ತಪ್ಪಾತು,” ಎಂದೆ.

ಹುಡುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಥೇಟ್ ನಮ್ಮವ್ವನ ರಾಗದಲ್ಲಿ, ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಆಡಿಸುತ್ತ ಹೇಳಿದಳು:

“ಕೇಳಸ್ಲಿಲ್ಲ. ಇನ್ನೊಮ್ಮೆ ಅನ್ನು.”

ಅವಳು ನನಗೆ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು. ನಾನು ಇನ್ನೊಮ್ಮೆ ಅಂದೆ.