ಅಲಾರಂಗಿಂತ ಮೊದಲೇ ಬಂದ ಉತ್ತರ

ಹಣ್ಣು ಕಾಯ್ದಿಡುವ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವರಿಗೆ ‘ಸರ್ವರ್ ಸಾರ್’ ಎಂದೇ ಹೆಸರು. ಸರ್ವರಿಗೂ ಬೇಕಾದವನು ತಾನು ಎಂದು ಅವರು ಅದಕ್ಕೆ ಅರ್ಥ ಹಚ್ಚಿಕೊಂಡಿದ್ದರು. ಬೇರೆ ಯಾರೂ ಹಚ್ಚಿರಲಿಲ್ಲ.

ಅಲ್ಲಿ ತಂಪುಕೋಣೆಯ ಬಾಗಿಲು ತೆರೆದೇ ಉಳಿದರೆ ಸರ್ವರ್ ತಾನಾಗಿಯೇ ಎಚ್ಚರಿಕೆಯ ಮೇಲ್ ಕಳಿಸುತ್ತದೆ. ಬಾಗಿಲು ಮುಚ್ಚಿದವನು ಫೋನಿನಿಂದ ‘ಹಾಕಿದೆ’ ಎಂದು ಉತ್ತರಿಸಬೇಕು. ಆ ಕೆಲಸಕ್ಕೆ ಸೇರಿದ್ದವನು ಸರ್ವರ್ ಸಾರ್ ಹೆಂಡತಿಯ ತಮ್ಮ. ಈ ವಾರ ಅವನ ನೌಕರಿ ಖಾಯಂ ಆಗಬೇಕಿತ್ತು.

“ಉತ್ತರ ಮೊದಲು, ಎಚ್ಚರಿಕೆ ಆಮೇಲೆ!” ಮ್ಯಾನೇಜರ್ ಪರದೆಯ ಮೇಲೆ ಮೇಲ್‌ಗಳ ಸಮಯವನ್ನು ತಟ್ಟಿ ತೋರಿಸಿದರು. “ನಿಮ್ಮ ಭಾವಮೈದುನ ಏನು ಜ್ಯೋತಿಷಿನಾ? ಬಾಗಿಲ ಹತ್ರ ಹೋಗದೆ ಸುಮ್ನೆ ಬರೀತಾನೆ. ಸಂಜೆಯೊಳಗೆ ಕಾರಣ ಹೇಳಿ, ಇಲ್ಲಾ ಅವನನ್ನ ಮನೆಗೆ ಕಳಿಸ್ತೀನಿ.”

ಭಾವಮೈದುನ ಉಣ್ಣೆ ಟೋಪಿ ಕಿತ್ತು ಕೈಯಲ್ಲಿ ಹಿಡಿದ. “ಭಾವ, ಮೇಲ್ ಬಂದ ಮೇಲೇ ಓಡ್ಹೋಗಿ ಹಾಕಿದ್ದು. ನನ್ನ ನಂಬ್ತೀರೋ, ನಿಮ್ಮ ಡಬ್ಬಾನ ನಂಬ್ತೀರೋ?”

“ಡಬ್ಬಾ ಸುಳ್ಳು ಹೇಳಲ್ಲ ಕಣಪ್ಪಾ,” ಎಂದರು ಭಾವ, ಗಂಭೀರವಾಗಿ.

ಮಧ್ಯಾಹ್ನದವರೆಗೆ ಮೇಲ್ ಕಳಿಸುವ ತಂತ್ರಾಂಶವನ್ನು ಬಿಚ್ಚಿ ಕಟ್ಟಿದರು. ಇಂಟರ್ನೆಟ್ಟಿನವನಿಗೆ ಫೋನ್ ಮಾಡಿ ಬೈದರು. ಅನುಮಾನಕ್ಕೆ ಸಿಗದೆ ಉಳಿದದ್ದು ತಾವೊಬ್ಬರೇ. ಆಗ ಹೆಂಡತಿಯ ಫೋನು.

“ಏನ್ರೀ, ಸಿಕ್ತಾ? ಅವನ ಕೆಲಸ ಹೋದ್ರೆ ನಮ್ಮಮ್ಮನಿಗೆ ನೀವೇ ಹೇಳ್ಬೇಕು.”

“ಹುಡುಕ್ತಿದೀನಿ ಮಾರಾಯ್ತಿ, ಟೈಮೇ ಏನೋ ಹೆಚ್ಚುಕಮ್ಮಿ.”

“ನಮ್ಮನೆ ಗಡಿಯಾರ ಮುಂದಿಟ್ಟ ಹಾಗೆ ಅಲ್ಲೂ ಇಟ್ಟಿದೀರೇನು ಮತ್ತೆ?”

ಸರ್ವರ್ ಸಾರ್ ಗಹಗಹಿಸಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಬೆಳಗಿನ ವರದಿಯ ಮೇಲ್ ತಡವಾಯಿತೆಂದು ಹೋದ ತಿಂಗಳು ಮ್ಯಾನೇಜರಿಂದ ಬೈಸಿಕೊಂಡಿದ್ದರು. ಮಕ್ಕಳಿಗೆ ಶಾಲೆಯ ಬಸ್ಸು ತಪ್ಪದಿರಲೆಂದು ಮನೆಯಲ್ಲಿ ಮಾಡುವ ಉಪಾಯವನ್ನೇ ಇಲ್ಲೂ ಮಾಡಿ, ಸರ್ವರಿನ ಗಡಿಯಾರವನ್ನು ಮುಂದಕ್ಕೆ ತಳ್ಳಿದ್ದರು. ಅದು ಇಂಟರ್ನೆಟ್ ನೋಡಿ ತಾನಾಗಿ ಸರಿಹೋಗದಂತೆ ಸೆಟ್ಟಿಂಗಿಗೆ ಬೀಗವನ್ನೂ ಜಡಿದಿದ್ದರು. ತಮ್ಮ ಸಮಯಪ್ರಜ್ಞೆಗೆ ತಾವೇ ಬೆನ್ನು ತಟ್ಟಿಕೊಂಡು, ಆಮೇಲೆ ಮರೆತೂ ಬಿಟ್ಟಿದ್ದರು. ಎಚ್ಚರಿಕೆಯ ಮೇಲಿಗೆ ಸರ್ವರಿನ ಮುಂದೋಡಿದ ಸಮಯ ಬೀಳುತ್ತಿತ್ತು, ಹುಡುಗನ ಫೋನಿನ ಉತ್ತರಕ್ಕೆ ಸರಿಯಾದ ಸಮಯ.

ಗಡಿಯಾರ ಸರಿಮಾಡಿದರು. ನೆಟ್‌ವರ್ಕಿನ ತೊಂದರೆ ಎಂದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹುಡುಗನ ಮೇಲಿನ ಅನುಮಾನ ಪೂರ್ತಿ ತೊಳೆದು ಹೋಗುತ್ತಿರಲಿಲ್ಲ. ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು.

“ಅಂದ್ರೆ, ವರದಿ ಬೇಗ ಬರ್ತಿದೆ ಅಂತ ನಿಮ್ಮನ್ನ ಹೊಗಳಿದ್ನಲ್ಲ?”

“ಅದೂ ಗಡಿಯಾರದ್ದೇ ಸಾರ್.”

ಮ್ಯಾನೇಜರ್ ಹುಡುಗನ ಖಾಯಂ ಪತ್ರಕ್ಕೆ ಸಹಿ ಹಾಕಿ ಮುಂದೆ ಚಾಚಿದರು. “ನೀವೇ ಕೊಟ್ಟು ಕ್ಷಮೆ ಕೇಳಿ. ಇನ್ಮೇಲೆ ಬುದ್ಧಿ ಉಪಯೋಗಿಸ್ಬೇಡಿ, ಕೆಲಸ ಮಾತ್ರ ಮಾಡಿ.”

ಸರ್ವರ್ ಸಾರ್ ತಲೆಯಾಡಿಸಿದರು. ಬುದ್ಧಿ ಉಪಯೋಗಿಸದಿರುವುದು ಅವರಿಗೆ ಎಂದೂ ಕಷ್ಟವಾಗಿರಲಿಲ್ಲ.