ಫರಸಿಯ ಮೇಲಿನ ಒಂಬತ್ತನೆಯ ಗೆರೆ

ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವನಲ್ಲ. ನಾಲವಾರ ಸ್ಟೇಷನ್ನಿನ ಬೇವಿನ ಮರದಲ್ಲಿ ದೆವ್ವ ಇದೆ ಎಂದು ಯಾರಾದರೂ ಹೇಳಿದರೆ, ಅದು ಪ್ಲಾಟ್‌ಫಾರಂ ಟಿಕೆಟ್ ತೆಗೆಸಿದೆಯೇ ಎಂದು ಕೇಳಿ ನಗುತ್ತಿದ್ದೆ. ಮೆಕ್ಯಾನಿಕ್ ಆದವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಇಷ್ಟೇ ನಿಜ. ಈಗ ಹೇಳಹೊರಟಿರುವುದೂ ಕಣ್ಣಾರೆ ಕಂಡದ್ದೇ. ನನ್ನ ತೊಡಕಿರುವುದೂ ಅಲ್ಲೇ.

ನಾನು ಶಹಾಬಾದಿನಲ್ಲಿ ಕಲ್ಲು ಸಾಗಿಸುವ ಲಾರಿಗಳನ್ನು ರಿಪೇರಿ ಮಾಡುತ್ತಿದ್ದೆ. ಕೆಲಸ ಕಲಿಸಿದವರು ಮೌಲಾಸಾಬ್ ಉಸ್ತಾದರು. ಬಿಚ್ಚಿದ ಸಾಮಾನು ಇಡಲು ನಮ್ಮಲ್ಲಿ ಯಾರೂ ತಟ್ಟೆ ಹುಡುಕುವುದಿಲ್ಲ, ಊರ ತುಂಬ ನೆಲಕ್ಕೆ ಹಾಸುವ ಫರಸಿ ಕಲ್ಲು ಬಿದ್ದಿರುತ್ತದೆ. ಒಂದು ಫರಸಿಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಮಾನು ಇಟ್ಟು, ಒಂದೊಂದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಉಸ್ತಾದರ ಪದ್ಧತಿ. ಅವರ ಗೆರೆ ಎಂದೂ ಪೂರ್ತಿ ಕೂಡುತ್ತಿರಲಿಲ್ಲ, ಬೆರಳಗಲ ಬಾಯಿ ಬಿಡುತ್ತಿದ್ದರು. "ಗೆರಿ ಪೂರಾ ಮುಚ್ಚಬ್ಯಾಡ ಬೇಟಾ, ಸಾಮಾನಿಗಿ ವಾಪಸ್ ಹೋಗ್ಲಾಕ ಬಾಗಿಲ ಬಿಡಬೇಕು" ಎನ್ನುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸಿ, ಗೆರೆಯನ್ನು ಗುಂಡಗೆ ಮುಚ್ಚಿಬಿಡುತ್ತಿದ್ದೆ. ಅವರು ತೀರಿಕೊಂಡ ಮೇಲೂ ನನ್ನ ಚಾಳಿ ಬದಲಾಗಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಎರಡು ಮೂರು ವರ್ಷವಾಗಿತ್ತು. ಆ ಸಲ ತೊಗರಿಗೆ ಹುಳು ಬಿದ್ದು, ಔಷಧಿ ಸಿಂಪಡಿಸಲು ಇಬ್ಬರು ಕೂರುವಂಥ ಸಣ್ಣ ವಿಮಾನವೊಂದು ಚಿತ್ತಾಪುರ ರಸ್ತೆಯ ಪಕ್ಕದ ಬಯಲಿಗೆ ಬಂತು. ಎರಡನೆಯ ದಿನವೇ, ಇಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪು ಸೋರತೊಡಗಿತು. ಅವರ ಮೆಕ್ಯಾನಿಕ್ ಹೈದರಾಬಾದಿನಲ್ಲಿ ಜ್ವರ ಬಂದು ಮಲಗಿದ್ದ. ಯಾರೋ ನನ್ನ ಹೆಸರು ಹೇಳಿದರು. ನೋಡಿದರೆ ಜೀಪಿನ ಪಂಪಿನಂಥದ್ದೇ, ಬದಲಿಸಬೇಕಾದ ಹೊಸ ಸಾಮಾನಿನ ಪೊಟ್ಟಣವೂ ಪೈಲಟ್ ಹತ್ತಿರ ಇತ್ತು. ಇದೇನು ಮಹಾ ಎಂದು ಜಂಬ ಕೊಚ್ಚಿದೆ. ಪೈಲಟ್ ಪುಣೆ ಕಡೆಯವರು. ನಗದೆ, ಹಿಂದಿಯಲ್ಲಿ ಒಂದು ಶರತ್ತು ಹೇಳಿದರು: ಪಂಪಿಗೆ ಕೈ ಹಾಕಿದವನೇ ಮೊದಲ ಹಾರಾಟದಲ್ಲಿ ಅವರ ಜೊತೆ ಕೂರಬೇಕು. ಸೋರಿದ ಪೆಟ್ರೋಲ್ ಕಾದ ಇಂಜಿನ್ನಿಗೆ ತಗಲಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ಮಗಳು ಹುಟ್ಟಿ ಆಗ ಮೂರು ತಿಂಗಳು. ಜಂಬವೆಲ್ಲ ಇಳಿಯಿತು, ಆದರೆ ಆಡಿದ ಮಾತು ಹಿಂತೆಗೆದುಕೊಳ್ಳಲು ನಾಚಿಕೆಯಾಯಿತು.

ಮಧ್ಯಾಹ್ನದೊಳಗೆ ಪಂಪು ಬಿಚ್ಚಿದೆ. ಫರಸಿಯ ಮೇಲೆ ಎಂಟು ಸಾಮಾನು, ಎಂಟು ಗೆರೆ. ಸೋರದಂತೆ ಮುಚ್ಚಳದ ಕೆಳಗೆ ಕೂರಿಸುವ ತೆಳು ಪ್ಯಾಕಿಂಗ್ ಕಾಣಲಿಲ್ಲ. ಹಿಂದೆ ರಿಪೇರಿ ಮಾಡಿದವನು ಹಾಕುವುದನ್ನೇ ಮರೆತಿದ್ದಾನೆ, ಅದಕ್ಕೇ ಸೋರುತ್ತಿದೆ ಎಂದು ಕಾಣದ ಆ ಮನುಷ್ಯನನ್ನು ಬೈದುಕೊಂಡು, ಪೈಲಟ್ ಜೊತೆ ಬಾವಿಯ ಹತ್ತಿರ ರೊಟ್ಟಿ ತಿನ್ನಲು ಹೋದೆ. ಸೀಮೆಸುಣ್ಣ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಬಯಲಿನ ಕಾವಲುಗಾರ ಶರಣಪ್ಪ, ಆಡುಮೇಕೆ ಬಾರದಂತೆ ವಿಮಾನದ ಬಳಿ ಕುಳಿತಿದ್ದ.

ತಿರುಗಿ ಬಂದು ನೋಡಿದರೆ ಒಂಬತ್ತು ಗೆರೆಗಳಿದ್ದವು. ಎಂಟರೊಳಗೆ ಸಾಮಾನು ಇಟ್ಟಂತೆಯೇ ಇತ್ತು, ಒಂಬತ್ತನೆಯದು ಖಾಲಿ.

ಒಂದು ಸಾಮಾನು ಕಳೆದುಹೋಯಿತೆಂದುಕೊಂಡೆ. ಶರಣಪ್ಪನನ್ನು ಕೇಳಿದೆ. "ನಾ ಇಲ್ಲೇ ಕುಂತೀನ್ರಿ ಮೇಸ್ತ್ರಿ. ಒಬ್ರೂ ಬಂದಿಲ್ಲ, ಕಾಗಿ ಸೈತ ಬಂದಿಲ್ಲ" ಎಂದ. ಮಂಡಿಯೂರಿ ಹುಲ್ಲೆಲ್ಲ ತಡವಿದೆ. ಏನೂ ಸಿಗದೆ ಕಲ್ಲಿನ ಮುಂದೆ ಬಂದು ಕುಳಿತಾಗ ಆ ಗೆರೆಯನ್ನು ಸರಿಯಾಗಿ ನೋಡಿದೆ. ಅದು ಕೂಡಿರಲಿಲ್ಲ. ಬೆರಳಗಲ ಬಾಯಿ ಬಿಟ್ಟಿತ್ತು.

ಆಗ ನನಗೆ ಹೆದರಿಕೆಯಾಗಲಿಲ್ಲ. ಯಾರೋ ಹೆಗಲ ಮೇಲೆ ಕೈಯಿಟ್ಟಂತೆ ಧೈರ್ಯ ಬಂತು. ಕಳೆದಿರುವುದಲ್ಲ, ನಾನಿನ್ನೂ ಬಿಚ್ಚದೇ ಇರುವುದು ಒಂದಿದೆ ಎಂದುಕೊಂಡು ಪಂಪಿನ ಮೈಯನ್ನು ಉಗುರಿನಿಂದ ಕೆರೆದೆ. ಕಬ್ಬಿಣದ ಕರಿ ಅಂಚು ಎಂದುಕೊಂಡಿದ್ದು ಪದರ ಎದ್ದಿತು. ಹಳೆಯ ಪ್ಯಾಕಿಂಗ್, ಶಾಖಕ್ಕೆ ಅಂಟಿಕೊಂಡು ಒಂದು ಕಡೆ ಬಿರುಕುಬಿಟ್ಟಿತ್ತು. ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರೆ ನೆಲದ ಮೇಲೆ ಸೋರಿಕೆ ನಿಲ್ಲುತ್ತಿತ್ತು, ಮೇಲೆ ಹೋಗಿ ಕಾದಾಗ ಮತ್ತೆ ಸೋರುತ್ತಿತ್ತು. ಮೆಲ್ಲಗೆ ಬಿಡಿಸಿ ಒಂಬತ್ತನೆಯ ಗೆರೆಯೊಳಗೆ ಇಟ್ಟೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಪೈಲಟ್ ಪಕ್ಕದಲ್ಲಿ ಕುಳಿತು ಹಾರಿದೆ. ಕೆಳಗೆ ಕಲ್ಲಿನ ಗಣಿಗಳು, ಹೂ ಬಿಟ್ಟ ತೊಗರಿ, ಇಸ್ಪೀಟೆಲೆಯಷ್ಟಾಗಿ ಕಾಣುವ ನಮ್ಮ ಗಲ್ಲಿ. ಇಳಿದ ಮೇಲೆ ಪಂಪಿನ ಸುತ್ತ ಬೆರಳಾಡಿಸಿ ಮೂಸಿದೆ. ಒಣಗಿತ್ತು. ನಾನು ಅತ್ತುಬಿಟ್ಟೆ.

ಅವಸರದಲ್ಲಿ ನಾನೇ ಮುಚ್ಚಳದ ಜಾಗ ಬದಲಿಸಿ ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದೆನೇ? ಪ್ಯಾಕಿಂಗಿನ ಅಳತೆಯೂ ಮುಚ್ಚಳದ ಅಳತೆಯೂ ಒಂದೇ. ಹಾಗೆ ಅನ್ನಬಹುದು. ಆದರೆ ಎಂದೂ ಬಾಯಿ ಬಿಡದ ನನ್ನ ಕೈ ಅಂದು ಏಕೆ ಬಿಟ್ಟಿತು? ಓದುವ ನಿಮಗೆ ಹೊಳೆದರೆ ಸಂತೋಷ.

ಆ ದಿನದಿಂದ ನಾನೂ ಬಾಗಿಲು ಬಿಟ್ಟೇ ಗೆರೆ ಎಳೆಯುತ್ತೇನೆ. ಊಟಕ್ಕೆ ಎದ್ದು ಬಂದಾಗಲೆಲ್ಲ, ಸಾಮಾನಿಗಿಂತ ಮೊದಲು ಗೆರೆಗಳನ್ನು ಎಣಿಸುತ್ತೇನೆ. ಇಲ್ಲಿಯವರೆಗೆ ಒಂದೂ ಹೆಚ್ಚಾಗಿಲ್ಲ. ಕೆಲಸ ಸರಿಯಾಗಿದೆ ಎಂದು ಸಮಾಧಾನವಾಗುತ್ತದೆ. ಒಂದಿಷ್ಟು ಬೇಸರವೂ ಆಗುತ್ತದೆ.